ಎಡಗಡೆಯ ಬಾಗಿಲು

ಮೇಷ್ಟ್ರು ಎಂದರೆ ಶಾಲೆಯ ಮೇಷ್ಟ್ರಲ್ಲ, ಡ್ರೈವಿಂಗ್ ಮೇಷ್ಟ್ರು. ಆ ಬಡಾವಣೆಯಲ್ಲಿ ಸ್ಟೇರಿಂಗ್ ಹಿಡಿದವರಲ್ಲಿ ಅರ್ಧಕ್ಕರ್ಧ ಜನ ಅವರ ಪಕ್ಕದಲ್ಲಿ ಕೂತು, ಬೈಸಿಕೊಂಡು, ಬೆವತು ಕಲಿತವರೇ. ಪಾಠಕ್ಕೆಂದು ಒಂದು ಹಳೇ ಕಾರಿತ್ತು. ಅದರ ಮೈಮೇಲೆ ಕಲಿಯುವವರ ಕೈಚಳಕವೆಲ್ಲ ತಗ್ಗು ದಿನ್ನೆಯಾಗಿ ಕೂತಿತ್ತು. ಮನೆಯ ಕಾರೇ ಬೇರೆ. ಕಡುನೀಲಿ ಬಣ್ಣದ ಆ ಕಾರನ್ನು ಶಿಷ್ಯರಿರಲಿ, ಹೆತ್ತ ಮಗಳಿಗೂ ಅವರು ಕೊಡುತ್ತಿರಲಿಲ್ಲ.

ಭಾನುವಾರ ಬೆಳಗ್ಗೆ ಬಿಸಿಲು ಗೋಡೆ ದಾಟಿ ಅಂಗಳಕ್ಕೆ ಇಳಿಯುವ ಮೊದಲೇ ಅವರ ಕೆಲಸ ಶುರು. ಬಾನೆಟ್ಟಿನ ಮೇಲೆ ಅಂಗೈ ಇಟ್ಟು ತಣ್ಣಗಿದೆಯೇ ಎಂದು ನೋಡುವುದು. ಎರಡು ಬಕೆಟ್, ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ಕೊಳೆ ಒರೆಸಿದ ಬಟ್ಟೆಯನ್ನು ಬರೀ ನೀರಿನಲ್ಲಿ ಜಾಲಿಸದೆ ಮತ್ತೆ ಶಾಂಪೂವಿಗೆ ಅದ್ದಿದರೆ ಮಣ್ಣಿನ ಕಣವೇ ಬಣ್ಣವನ್ನು ಗೀರುತ್ತದೆ ಎಂದು ಅವರ ವಾದ. ಮೇಲಿನಿಂದ ಕೆಳಕ್ಕೆ ತೊಳೆಯಬೇಕು, ಸುತ್ತಿ ಸುತ್ತಿ ಉಜ್ಜಬಾರದು, ಪಾತ್ರೆ ತೊಳೆಯುವ ಸೋಪು ಹತ್ತಿರ ತರಬಾರದು, ಕೆಳಗೆ ಬಿದ್ದ ಬಟ್ಟೆಯನ್ನು ಆ ದಿನ ಮತ್ತೆ ಮುಟ್ಟಬಾರದು. ತೊಳೆದು ಒಣಗಿಸಿದ ಮೇಲೆ ವ್ಯಾಕ್ಸ್. ಅದನ್ನು ತೆಳ್ಳಗೆ ಹಚ್ಚಿ, ಬೆಳ್ಳಗೆ ಮಂಜು ಕಟ್ಟಿದ ಮೇಲೆ ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಬಾಗಿಲಿನಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದಿತ್ತು.

ಅವರ ಹೆಂಡತಿ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಹಾಕಿಕೊಂಡು ಬಟ್ಟೆ ಹೊಲಿಯುತ್ತಿದ್ದಳು. ಬೀದಿಯವರಿಗೆಲ್ಲ ಆಕೆ ಟೇಲರಮ್ಮ. "ಆ ಕಾರಿನ ಮೇಲೆ ಕೈಯಾಡಿಸೋವಷ್ಟು ನಯವಾಗಿ ನನ್ನ ಜೊತೆ ಮಾತಾಡಿದ್ರೆ ನಾನು ಈ ಮಿಷಿನ್ ಸದ್ದಲ್ಲಿ ಸುಖ ಹುಡುಕಬೇಕಾಗಿರಲಿಲ್ಲ" ಎಂದು ಅಳತೆ ಕೊಡಲು ಬಂದ ಹೆಂಗಸರನ್ನು ನಗಿಸುತ್ತಿದ್ದಳು. ಆದರೂ ಕೆಲಸ ಮುಗಿದ ಮೇಲೆ ಹೊರಗೆ ಬಂದು, ಕಾರನ್ನು ಒಂದು ಸುತ್ತು ಹಾಕಿ, ಎಲ್ಲಾದರೂ ಒಂದು ಕಲೆ ಹುಡುಕಿ ತೋರಿಸುವುದು ಅವಳ ಪಾಲಿನ ಕೆಲಸ. ಅದು ಕಲೆಯೇ ಅಲ್ಲ ಎನ್ನುವುದು ಅವರ ಪಾಲಿನದು.

ಆ ಭಾನುವಾರವೂ ಅವಳು ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಬಂದಳು. ಮೇಷ್ಟ್ರು ವ್ಯಾಕ್ಸ್ ಡಬ್ಬಿಯ ಮುಚ್ಚಳ ತಿರುಗಿಸಿ ಬಿಗಿ ಮಾಡಿ, ಬಟ್ಟೆಗಳನ್ನು ಮಡಚುತ್ತಿದ್ದರು. ಬಲಗಡೆ ಎಲ್ಲಾ ಕನ್ನಡಿಯಂತಿತ್ತು. ಹಿಂದಿನಿಂದ ಸುತ್ತಿ ಎಡಗಡೆಗೆ ಬಂದವಳು ನಿಂತುಬಿಟ್ಟಳು. ಎಡಗಡೆಯ ಎರಡು ಬಾಗಿಲೂ, ಮುಂದಿನ ಮಡ್‌ಗಾರ್ಡೂ ಸುಣ್ಣ ಬಳಿದ ಗೋಡೆಯ ಹಾಗೆ ಬೆಳ್ಳಗಿದ್ದವು. ಹಚ್ಚಿದ ವ್ಯಾಕ್ಸ್ ಹಾಗೇ ಒಣಗಿ ಬಿರಿಯುತ್ತಿತ್ತು.

"ಈ ಕಡೆ ಒರೆಸೇ ಇಲ್ವಲ್ರೀ."

"ಎಲ್ಲಾ ಒರೆಸಿ ಆಯ್ತು" ಎಂದರು ಮೇಷ್ಟ್ರು, ತಲೆ ಎತ್ತದೆ.

"ಬಂದು ನೋಡಿ."

ಬಂದರು. ಕಾರಿನ ಮುಂದೆ ನಿಂತು ನೋಡಿದರು. ಆಮೇಲೆ ಕತ್ತನ್ನು ಪೂರ್ತಿ ತಿರುಗಿಸಿದರು. ಅವರ ಮುಖದಲ್ಲಿ ಹಾದುಹೋದದ್ದು ಸಿಟ್ಟಲ್ಲ, ನಾಚಿಕೆಯಲ್ಲ. ಗೊತ್ತಿಲ್ಲದ ಮನೆಯ ಬಾಗಿಲು ತಟ್ಟಿದವನ ಗಾಬರಿ ಅದು. ಮರುಕ್ಷಣ ನಕ್ಕರು. "ಬೇಕಂತಲೇ ಬಿಟ್ಟಿದ್ದೀನಿ ಕಣೇ. ಈ ಕಡೆ ನೆರಳು, ಇನ್ನೂ ಒಣಗ್ಬೇಕು." ಡಬ್ಬಿ ಮುಚ್ಚಿಟ್ಟವರು ಮತ್ತೆ ಬಟ್ಟೆ ಬಿಚ್ಚಿದರು.

ಅವಳು ಒಳಗೆ ಬಂದು ಯಂತ್ರದ ಮುಂದೆ ಕೂತಳು. ಹೊಲಿಗೆ ಸಾಗಲಿಲ್ಲ. ಒಂದು ಎಳೆ ಸಿಕ್ಕರೆ ಬಟ್ಟೆಯೆಲ್ಲ ಬಿಚ್ಚಿಕೊಳ್ಳುವ ಹಾಗೆ ಒಂದೊಂದೇ ನೆನಪಾಗತೊಡಗಿತು. ಇತ್ತೀಚೆಗೆ ತಟ್ಟೆಯಲ್ಲಿ ಎಡಗಡೆ ಬಡಿಸಿದ್ದು ಹಾಗೇ ಉಳಿಯುತ್ತಿತ್ತು. ರುಚಿ ಹಿಡಿಸಲಿಲ್ಲವೇನೋ ಎಂದು ಅವಳು ಮುಖ ಸಣ್ಣ ಮಾಡಿಕೊಂಡಿದ್ದಳು. ಗಡ್ಡ ಬೋಳಿಸಿಕೊಂಡು ಬಂದರೆ ಎಡಗೆನ್ನೆಯಲ್ಲಿ ಬಿಳಿ ಕೂಳೆ ಉಳಿದಿರುತ್ತಿತ್ತು. ನಡುಮನೆಯ ಬಾಗಿಲ ಚೌಕಟ್ಟಿಗೆ ಎಡಭುಜ ತಾಗಿಸಿಕೊಂಡು, ಮನೆ ಕಟ್ಟಿದಾಗಿನಿಂದ ಅಲ್ಲೇ ಇದ್ದ ಚೌಕಟ್ಟನ್ನು ಬೈದಿದ್ದರು. ಅದಕ್ಕೂ ಮೊದಲು ಒಂದು ದಿನ ಬಚ್ಚಲಲ್ಲಿ ತಲೆ ಸುತ್ತಿ ಕೂತುಬಿಟ್ಟಿದ್ದರು. ಡಾಕ್ಟರ ಹತ್ತಿರ ಹೋಗೋಣ ಎಂದರೆ, "ಸೆಕೆ ಕಣೇ, ಸೆಕೆಗೆ ಯಾವ ಡಾಕ್ಟರು" ಎಂದು ಮಾತು ಮುಗಿಸಿದ್ದರು.

ಅವಳ ಎದೆಯಲ್ಲಿ ಭಾರವಾಗಿ ಕೂತದ್ದು ಇನ್ನೊಂದು ಯೋಚನೆ. ದಿನಾ ಬೆಳಗ್ಗೆ ಮೊಮ್ಮಗಳು ಗುಬ್ಬಿಯನ್ನು ಶಾಲೆಗೆ ಬಿಡುವವರು ಅವರೇ. ಮಗಳ ಮನೆ ಪಕ್ಕದ ಬೀದಿಯಲ್ಲಿ. ಮಗಳು ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು, ಅಳಿಯನಿಗೆ ಪಾಳಿಯ ಕೆಲಸ. ತಾತನ ಕಾರು ಇಲ್ಲದಿದ್ದರೆ ಆ ಮನೆಯ ಬೆಳಗು ಉರುಳುತ್ತಿರಲಿಲ್ಲ.

"ನಾಳೆ ಗುಬ್ಬೀನ ನಾನೇ ನಡೆಸಿಕೊಂಡು ಹೋಗ್ತೀನಿ" ಎಂದು ಸಂಜೆ ಹೇಳಿ ನೋಡಿದಳು.

"ಯಾಕೆ, ನನ್ನ ಕೈಕಾಲು ಬಿದ್ದುಹೋಗಿದ್ಯಾ?" ಎಂದರು ಮೇಷ್ಟ್ರು. ಅವಳು ಸುಮ್ಮನಾದಳು. ಆ ಸುಮ್ಮನಾದದ್ದನ್ನು ಅವಳು ಆಮೇಲೆ ಎಷ್ಟೋ ಸಲ ನೆನೆದು ಹಳಿದುಕೊಂಡಳು.

ಸೋಮವಾರ ಶಾಲೆಗೆ ಬಿಟ್ಟು ಬಂದ ಮೇಷ್ಟ್ರು ಕಾಫಿಗೂ ಒಳಗೆ ಬರಲಿಲ್ಲ. ಕಿಟಕಿಯಿಂದ ನೋಡಿದರೆ ಕಾರಿನ ಎಡಗಡೆ ಕುಕ್ಕರಗಾಲಲ್ಲಿ ಕೂತು ಏನೋ ಉಜ್ಜುತ್ತಿದ್ದರು. ಭಾನುವಾರ ಬಿಟ್ಟು ಬೇರೆ ದಿನ ಅವರು ಬಟ್ಟೆ ಹಿಡಿದವರಲ್ಲ. ಅವಳು ಹೋಗಿ ಹಿಂದೆ ನಿಂತಳು. ಮಡ್‌ಗಾರ್ಡಿನ ಮೇಲೆ ಗೇಣುದ್ದದ ಗೀರು. ಗೀರಿನೊಳಗೆ ಕೆಂಪು ಬಣ್ಣ ಅಂಟಿತ್ತು. ಅವರು ಗೀರು ಮಾಯಿಸುವ ಪೇಸ್ಟ್ ಹಚ್ಚಿದ ಬಟ್ಟೆಯಿಂದ ಆ ಕೆಂಪನ್ನು ಎಬ್ಬಿಸುತ್ತಿದ್ದರು.

"ಏನಿದು?"

"ಶಾಲೆ ಗೇಟಿನ ಕಂಬ ತಾಗಿರಬೇಕು."

"ಶಾಲೆ ಗೇಟು ಹಸಿರು ಬಣ್ಣ ಅಲ್ವೇನ್ರೀ?"

ಅವರ ಕೈ ನಿಂತಿತು. "ಹಾಗಾದ್ರೆ ಕಲ್ಲು ಸಿಡಿದಿರಬೇಕು. ದಾರೀಲಿ ಟಕ್ ಅಂತ ಸದ್ದು ಬಂತು. ನೋಡಿದ್ರೆ ಏನೂ ಇರಲಿಲ್ಲ. ಈಗ ಅದಕ್ಕೊಂದು ಪಂಚಾಯ್ತಿ ಬೇಡ, ಹೋಗಿ ನಿನ್ನ ಕೆಲಸ ನೋಡು."

ಕಲ್ಲಿಗೆ ಕೆಂಪು ಬಣ್ಣ ಯಾರು ಬಳಿದರು ಎಂದು ಅವಳು ಕೇಳಲಿಲ್ಲ. ಕೇಳಿದ್ದರೂ ಅದು ಅವರಿಗೆ ಗೊತ್ತಿರಲಿಲ್ಲ. ಅವರು ಸುಳ್ಳು ಹೇಳುತ್ತಿದ್ದಾರೆ ಎನ್ನುವುದಾಗಿದ್ದರೆ ಅವಳು ಜಗಳವಾಡಿ ಹಗುರಾಗುತ್ತಿದ್ದಳು. ಆದರೆ ಆ ಮುಖದಲ್ಲಿ ಸುಳ್ಳಿರಲಿಲ್ಲ.

ಮಧ್ಯಾಹ್ನ, ದಾರ ತರುವುದಿದೆ ಎಂದು ನೆಪ ಹೇಳಿ, ಮಗುವನ್ನು ಕರೆತರಲು ತಾನೇ ನಡೆದು ಹೋದಳು. ಬರುವಾಗ ದೊಡ್ಡ ರಸ್ತೆ ತಿರುಗುವಲ್ಲಿ ಗುಬ್ಬಿ ಅವಳ ಕೈ ಜಗ್ಗಿತು.

"ಅಜ್ಜಿ, ಬೆಳಗ್ಗೆ ಇಲ್ಲಿ ಬ್ರೆಡ್ಡೆಲ್ಲಾ ಬಿದ್ದಿತ್ತು. ರಸ್ತೆ ತುಂಬಾ."

"ಯಾಕೆ ಬಿದ್ದಿತ್ತು ಪುಟ್ಟಾ?"

"ಕೆಂಪು ಗಾಡಿ ಬಿದ್ದೋಯ್ತಲ್ಲ. ತಾತಂಗೆ ಹೇಳ್ದೆ. ತಾತ ಎಲ್ಲಿ, ಎಲ್ಲಿ ಅಂದ್ರು. ಆಮೇಲೆ ಹೊರಟೇಹೋದ್ರು."

ಟೇಲರಮ್ಮ ಸುತ್ತ ನೋಡಿದಳು. ಎದುರಿಗೇ ಬೇಕರಿ. ಪಕ್ಕದಲ್ಲಿ ಮೂರು ಚಕ್ರದ ಸೈಕಲ್ ಗಾಡಿ, ಅದರ ಹಿಂದೆ ಕೆಂಪು ತಗಡಿನ ಪೆಟ್ಟಿಗೆ. ಪೆಟ್ಟಿಗೆಯ ಒಂದು ಮೂಲೆ ಒಳಕ್ಕೆ ಹೋಗಿ ಬಣ್ಣ ಎದ್ದಿತ್ತು. ಮನೆಮನೆಗೆ ಬ್ರೆಡ್ಡು ಹಾಕುವವನು ಮೆಟ್ಟಿಲ ಮೇಲೆ ಕೂತಿದ್ದ. ಬಲ ಮಣಿಕಟ್ಟಿಗೆ ಪಟ್ಟಿ ಸುತ್ತಿ, ಕೈಯನ್ನು ಬಟ್ಟೆಯ ಜೋಳಿಗೆಯಲ್ಲಿ ಕತ್ತಿಗೆ ತೂಗುಹಾಕಿದ್ದರು. ಅವಳು ಒಂದು ಬ್ರೆಡ್ಡು ಕೇಳಿದಳು. ಅವನು ಎಡಗೈಯಲ್ಲಿ ತಡವರಿಸಿಕೊಂಡು ಕೊಟ್ಟ.

"ಕೈಗೆ ಏನಾಯ್ತಪ್ಪಾ?"

"ಒಂದು ಕಾರು ಸವರಿಕೊಂಡು ಹೋಯ್ತಮ್ಮಾ. ಮೂಳೆ ಬಿರುಕು ಬಿಟ್ಟಿದೆ ಅಂದ್ರು. ಬೀಳಿಸಿದ್ದು ಇರಲಿ ಬಿಡಿ, ಯಾರ ಕೈಲಾದ್ರೂ ಆಗುತ್ತೆ. ನಿಲ್ಲಿಸಿದ. ನಿಲ್ಲಿಸಿ, ನಾನು ಬಿದ್ದಿರೋ ಕಡೆಗೆ ತಲೆ ಕೂಡ ತಿರುಗಿಸದೆ ಹೊರಟೋದ. ಕಾರು ಮಾತ್ರ ಕನ್ನಡಿ ಇದ್ದ ಹಾಗಿತ್ತು. ಕಾರು ಒರೆಸೋದಕ್ಕೆ ಪುರುಸೊತ್ತಿದೆ, ಮನುಷ್ಯನ್ನ ನೋಡೋದಕ್ಕಿಲ್ಲ."

ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವಳ ಹಾಗೆ ಅವಳು ನಿಂತಳು, ನುಂಗುವಂತಿಲ್ಲ, ಉಗುಳುವಂತಿಲ್ಲ. ಅದು ನಮ್ಮ ಕಾರು ಎನ್ನುವ ಮಾತು ನಾಲಿಗೆಯ ತುದಿಯವರೆಗೂ ಬಂದು ವಾಪಸು ಹೋಯಿತು. ಗುಬ್ಬಿ ಏನಾದರೂ ಹೇಳೀತೆಂದು ಮಗುವಿನ ಕೈಯನ್ನು ಗಟ್ಟಿಯಾಗಿ ಹಿಡಿದು ಬೇಗಬೇಗ ಮನೆಗೆ ನಡೆದಳು.

ಅಂಗಳದಲ್ಲಿ ಮೇಷ್ಟ್ರು ಗೆದ್ದವರ ಹಾಗೆ ನಿಂತಿದ್ದರು. "ನೋಡು. ಎಲ್ಲಿತ್ತು ಅಂತ ಹೇಳು ನೋಡೋಣ."

ಗೀರು ಇರಲಿಲ್ಲ. ಕೆಂಪಿನ ಒಂದು ಚುಕ್ಕೆಯೂ ಇರಲಿಲ್ಲ. ಉಜ್ಜಿದ ಜಾಗಕ್ಕೆ ವ್ಯಾಕ್ಸ್ ಬಿದ್ದು ಮಡ್‌ಗಾರ್ಡು ಹೊಸದರಂತೆ ಮಿರುಗುತ್ತಿತ್ತು. ಒಂದು ಗಳಿಗೆ ಅವಳಿಗೆ ಆಸೆಯಾಯಿತು. ಯಾರಿಗೂ ಗೊತ್ತಿಲ್ಲ. ಇದ್ದ ಗುರುತೂ ಹೋಯಿತು. ನಾಳೆಯಿಂದ ಹೇಗಾದರೂ ಮಾಡಿ ಕಾರಿನ ಕೀಲಿ ತಪ್ಪಿಸಿದರೆ ಮೇಷ್ಟ್ರ ಮರ್ಯಾದೆ ಮೇಷ್ಟ್ರಿಗೆ, ಮನೆಯ ಮಾನ ಮನೆಗೆ. ಆಸೆಯಾದದ್ದಕ್ಕೇ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು.

ಮಗುವನ್ನು ಒಳಗೆ ಕಳಿಸಿ, "ಅದು ಕಲ್ಲಲ್ಲ. ಬ್ರೆಡ್ಡಿನವನ ಗಾಡಿ. ಅವನ ಕೈ ಮುರಿದಿದೆ" ಎಂದಳು.

"ಯಾವನೋ ಏನೋ ಹೇಳಿದ್ರೆ ನಂಬ್ತೀಯಾ? ಮನುಷ್ಯ ಇದ್ದಿದ್ರೆ ನನಗೆ ಕಾಣ್ತಿರಲಿಲ್ವಾ? ಊರಿಗೆಲ್ಲ ಕನ್ನಡಿ ನೋಡೋದು ಕಲಿಸಿದವನು ನಾನು."

ಅವಳು ವಾದ ಮಾಡಲಿಲ್ಲ. ಒಳಗೆ ಹೋಗಿ ಎರಡು ದಾರದ ಉಂಡೆ ತಂದಳು, ಒಂದು ಬಿಳಿ, ಒಂದು ಹಳದಿ. ಹಿಂದೊಮ್ಮೆ ಅವಳ ಕಣ್ಣು ನೋಡಿದ ಡಾಕ್ಟರು ಹೀಗೇ ಬೆರಳು ಹಿಡಿದು ಪರೀಕ್ಷೆ ಮಾಡಿದ್ದರು. ಮೇಷ್ಟ್ರನ್ನು ಮೆಟ್ಟಿಲ ಮೇಲೆ ಕೂರಿಸಿ ಎದುರಿಗೆ ನಿಂತು, ಎರಡೂ ಕೈ ಚಾಚಿದಳು. "ನನ್ನ ಮೂಗನ್ನೇ ನೋಡಿ. ಕಣ್ಣು ಅಲ್ಲಾಡಿಸಬೇಡಿ. ನನ್ನ ಕೈಯಲ್ಲಿ ಏನೇನಿದೆ?"

"ಏನು ಮಕ್ಕಳಾಟ ಇದು. ಬಿಳೀ ದಾರ."

"ಇನ್ನೊಂದು ಕೈಯಲ್ಲಿ?"

"ಇನ್ನೊಂದು ಕೈ ಬೆನ್ನ ಹಿಂದೆ ಇಟ್ಕೊಂಡಿದ್ದೀಯ."

ಅವಳ ಕೈ ಅವರ ಎಡಕ್ಕೆ ಚಾಚಿಯೇ ಇತ್ತು. ಆ ಕೈಯನ್ನು ನಿಧಾನವಾಗಿ ಒಳಕ್ಕೆ ತಂದಳು. ಇನ್ನೇನು ತನ್ನ ಮೂಗಿನ ಹತ್ತಿರ ಬಂತು ಎನ್ನುವಾಗ ಮೇಷ್ಟ್ರು ಬೆಚ್ಚಿಬಿದ್ದು ತಲೆ ಹಿಂದಕ್ಕೆ ಎಳೆದರು. ಗಾಳಿಯಿಂದ ಹುಟ್ಟಿದ ಹಾಗೆ ಹಳದಿ ಉಂಡೆಯೊಂದು ಅವರ ಎದುರಿಗಿತ್ತು. ಮತ್ತೊಂದು ಸಲ ಮಾಡು ಎಂದರು. ಮಾಡಿದಳು. ಇನ್ನೊಂದು ಸಲ ಎಂದರು. ಮೂರನೆಯ ಸಲ ಉಂಡೆ ಕಾಣಿಸುವ ಮೊದಲೇ ಕಣ್ಣು ಮುಚ್ಚಿಕೊಂಡುಬಿಟ್ಟರು.

"ಗುಬ್ಬಿ ಕಾರಲ್ಲಿತ್ತು" ಎಂದರು, ಕಣ್ಣು ತೆರೆಯದೆ.

ಕೆಲಸ ಮುಗಿಸಿ ಮಗುವನ್ನು ಕರೆದೊಯ್ಯಲು ಬಂದ ಮಗಳು ಮೊದಲು ನಂಬಲಿಲ್ಲ. "ಅಪ್ಪನ ಕಣ್ಣಿಗೆ ಏನಾಗಿದೆ? ಪೇಪರ್ ಓದ್ತಾರೆ, ಸೂಜಿಗೆ ದಾರ ಪೋಣಿಸಿ ಕೊಡ್ತಾರೆ. ನಿನಗೆ ಎಲ್ಲದರಲ್ಲೂ ಕೊಂಕು ಕಾಣತ್ತೆ ಅಮ್ಮಾ. ನಾಳೆ ಮಗೂನ ಯಾರು ಬಿಡ್ತಾರೆ ಈಗ?" ಎಂದು ತಾಯಿಯ ಮೇಲೆಯೇ ಹರಿಹಾಯ್ದಳು. ಮೇಷ್ಟ್ರು ಗೋಡೆಗೆ ಒರಗಿ ಕೂತಿದ್ದರು. ಅವರು ಹೆಂಡತಿಯ ಪರ ಆಡಿದ್ದು ಅಪರೂಪ. ಅಂದು ಆಡಿದರು. "ಅವಳು ಹೇಳಿದ್ದು ನಿಜ ಕಣಮ್ಮಾ. ನನ್ನ ಎಡಗಡೆ ಪ್ರಪಂಚಾನೇ ಇಲ್ಲ. ಇಲ್ಲ ಅಂತಾನೂ ನನಗೆ ಗೊತ್ತಾಗ್ತಿರಲಿಲ್ಲ." ಕೀಲಿಯನ್ನು ಜೇಬಿನಿಂದ ತೆಗೆದು ಚಾಪೆಯ ಮೇಲೆ ಇಟ್ಟರು. ಮಗಳು ಅದನ್ನು ಮುಟ್ಟದೆ, ಅಳುತ್ತಾ ಮಗುವಿನ ಚೀಲ ಹುಡುಕಿದಳು.

ಮರುದಿನ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಮೇಷ್ಟ್ರು ಬೇಕರಿಯ ಮುಂದೆ ನಿಂತರು. "ಮೊದಲು ಇಲ್ಲಿ" ಎಂದರು. ಹೆಂಡತಿ ಬೇಡವೆನ್ನಲಿಲ್ಲ.

ಬ್ರೆಡ್ಡಿನವನು ಅಂಗಡಿಯ ಎಡತುದಿಯಲ್ಲಿ ಸ್ಟೂಲಿನ ಮೇಲೆ ಕೂತಿದ್ದ. ನಿನ್ನೆ ಬ್ರೆಡ್ಡು ಕೊಂಡ ಹೆಂಗಸು ಯಾರನ್ನೋ ಕರೆತಂದಿದ್ದಾಳೆ ಎಂದು ನೋಡಿದ. ಟೇಲರಮ್ಮ ಬಾಯಿ ತೆರೆಯುವ ಮೊದಲೇ ಮೇಷ್ಟ್ರು ಎರಡೂ ಕೈ ಜೋಡಿಸಿ ಶುರು ಮಾಡಿದರು.

"ನಿನ್ನೆ ನಿಮ್ಮ ಗಾಡಿಗೆ ಹೊಡೆದವನು ನಾನೇ. ಹೇಳ್ಕೊಳ್ಳೋದಕ್ಕೆ ನಾಚಿಕೆ ಆಗುತ್ತೆ. ನೀವು ನನಗೆ ಕಾಣಲಿಲ್ಲ."

"ಕಾಣಲಿಲ್ವಾ?" ಬ್ರೆಡ್ಡಿನವನು ಎದ್ದು ನಿಂತ. ದನಿಯಲ್ಲಿ ರಾತ್ರಿಯೆಲ್ಲ ನೋವು ತಿಂದವನ ಕಹಿ ಇತ್ತು. "ಹಾಡುಹಗಲಲ್ಲಿ, ಕೆಂಪು ಪೆಟ್ಟಿಗೆ ಕಾಣಲಿಲ್ವಾ? ಇದನ್ನ ನಾನು ನಂಬಬೇಕಾ? ಇಲ್ಲಿ ನನ್ನ ಕಡೆ ನೋಡಿ ಹೇಳಿ ಆ ಮಾತನ್ನ."

ಮೇಷ್ಟ್ರು ನೋಡುತ್ತಲೇ ಇದ್ದರು, ಆದರೆ ಅವನ ಕಡೆಗಲ್ಲ. ಬಲಗಡೆ ಗಾಜಿನ ಪೆಟ್ಟಿಗೆಯ ಹಿಂದೆ ನಿಂತ ಅಂಗಡಿಯವನಿಗೆ ಕೈ ಮುಗಿದುಕೊಂಡು, "ನಂಬಿ ಅಂತ ಹೇಗೆ ಹೇಳಲಿ" ಎನ್ನುತ್ತಿದ್ದರು. ದನಿ ಎಡದಿಂದ ಬರುತ್ತಿತ್ತು, ಮನುಷ್ಯ ಬಲಕ್ಕೆ ಕಾಣುತ್ತಿದ್ದ. ಎರಡನ್ನೂ ಹೊಂದಿಸಲಾಗದೆ ಅವರ ಹುಬ್ಬು ಗಂಟಿಕ್ಕಿತ್ತು. ಅಂಗಡಿಯವನು ಕಕ್ಕಾಬಿಕ್ಕಿಯಾಗಿ, "ನಾನಲ್ಲ ಸ್ವಾಮಿ, ಅವನು" ಎಂದು ಕೈ ತೋರಿಸಿದ. ಟೇಲರಮ್ಮ ಗಂಡನ ಗಲ್ಲ ಹಿಡಿದು ಮೆಲ್ಲಗೆ ಎಡಕ್ಕೆ ತಿರುಗಿಸಿದಳು. ಒಂದು ಮೊಳ ದೂರದಲ್ಲಿ ನಿಂತಿದ್ದ ಬ್ರೆಡ್ಡಿನವನ ಮುಖ, ಜೋಳಿಗೆಯಲ್ಲಿದ್ದ ಕೈ, ಎಲ್ಲಾ ಒಟ್ಟಿಗೆ ಅವರಿಗೆ ಕಂಡಿತು. ಮೇಷ್ಟ್ರು ಅವನಿಗೆ ಮತ್ತೆ ಕೈ ಮುಗಿದರು.

ಬ್ರೆಡ್ಡಿನವನು ಆ ಮುಗಿದ ಕೈಗಳನ್ನೇ ನೋಡಿದ. ಅವನ ಸಿಟ್ಟಿಗೆ ನೆಲೆಯೇ ಇಲ್ಲದ ಹಾಗಾಗಿತ್ತು. ಆಮೇಲೆ ಟೇಲರಮ್ಮನ ಕಡೆ ತಿರುಗಿ, "ನಿನ್ನೆ ಬಂದಾಗ ನಿಮಗೆ ಗೊತ್ತಿತ್ತಾ?" ಎಂದು ಕೇಳಿದ.

"ಗೊತ್ತಿತ್ತು" ಎಂದಳು.

"ಅವರಿಗಾದ್ರೆ ಕಾಣಲ್ಲ" ಎಂದು ಅವನು ಅರ್ಧಕ್ಕೇ ನಿಲ್ಲಿಸಿ ಸ್ಟೂಲಿನ ಮೇಲೆ ಕೂತ. ಉಳಿದರ್ಧ ಅವಳಿಗೆ ಕೇಳಿಸಿತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ತಲೆಯ ಚಿತ್ರ ತೆಗೆಸಿ, ಬೆಳಕಿಗೆ ಹಿಡಿದು ತೋರಿಸಿದಳು. ಬಚ್ಚಲಲ್ಲಿ ತಲೆ ಸುತ್ತಿದ ದಿನವೇ ಮೆದುಳಿನ ಒಂದು ಮೂಲೆಗೆ ರಕ್ತ ಹೋಗುವುದು ನಿಂತಿತ್ತಂತೆ. ಕಣ್ಣು ಸರಿಯಾಗಿಯೇ ಇದೆ, ಕಂಡದ್ದನ್ನು ಗ್ರಹಿಸುವ ಜಾಗ ಸತ್ತಿದೆ ಎಂದಳು. ಹೋದದ್ದು ಬರುವ ಭರವಸೆ ಕಡಿಮೆ. ಇರುವುದನ್ನು ಕಾಪಾಡಿಕೊಳ್ಳಲು ಮಾತ್ರೆ, ಕತ್ತು ತಿರುಗಿಸಿ ನೋಡುವ ಅಭ್ಯಾಸ. ಗಾಡಿ ಓಡಿಸುವ ಮಾತೇ ಇಲ್ಲ. "ತಲೆ ಸುತ್ತಿದ ದಿನವೇ ಬರಬೇಕಿತ್ತು" ಎಂದು ಅವಳು ಹೇಳಿದಾಗ ಗಂಡ ಹೆಂಡತಿ ಇಬ್ಬರೂ ನೆಲ ನೋಡಿದರು.

ಡ್ರೈವಿಂಗ್ ಶಾಲೆ ಮುಚ್ಚಿತು. ನೀಲಿ ಕಾರಿನ ಕೀಲಿಯನ್ನು ಕೊನೆಗೆ ಮಗಳೇ ತೆಗೆದುಕೊಂಡಳು. ಅವಳ ಮನೆಯ ಮುಂದೆ ಮರದಡಿ ನಿಲ್ಲಿಸುತ್ತಾಳೆ. ಹಕ್ಕಿಯ ಹಿಕ್ಕೆ ಬಿದ್ದು ಒಣಗಿ ಬಣ್ಣವನ್ನು ತಿನ್ನುತ್ತಿದೆ ಎಂದು ಟೇಲರಮ್ಮ ಹೇಳಿದರೆ, "ತಿನ್ನಲಿ ಬಿಡು" ಎನ್ನುತ್ತಾರೆ ಮೇಷ್ಟ್ರು. ಮೊದಮೊದಲು ಮನೆ ಬಿಟ್ಟು ಹೊರಡುತ್ತಿರಲಿಲ್ಲ. ಹೆಂಡತಿ ಕೈ ಹಿಡಿದರೆ ಕೊಸರಿಕೊಳ್ಳುತ್ತಿದ್ದರು, ಬಿಟ್ಟರೆ ಬಾಗಿಲಿಗೆ ಢಿಕ್ಕಿ ಹೊಡೆದು ಅವಳನ್ನೇ ಬೈಯುತ್ತಿದ್ದರು. ಬೈಸಿಕೊಂಡು ಕಲಿತ ಶಿಷ್ಯರ ಕಷ್ಟ ತನಗೆ ಈಗ ಗೊತ್ತಾಯಿತು ಎಂದು ಅವಳು ಒಂದು ಸಲ ಅಂದಾಗ ಅವರಿಗೆ ನಗು ಬಂದಿತ್ತು, ಆದರೆ ತುಂಬ ಹೊತ್ತು ಉಳಿಯಲಿಲ್ಲ.

ಈಗ ಗುಬ್ಬಿಯನ್ನು ಶಾಲೆಗೆ ಇಬ್ಬರೂ ನಡೆಸಿಕೊಂಡು ಹೋಗುತ್ತಾರೆ. ಹೆಂಡತಿ ಗಂಡನ ಎಡಕ್ಕೆ, ಮಗು ಬಲಕ್ಕೆ. ಬ್ರೆಡ್ಡಿನವನ ಮೂಳೆ ಕೂಡಿತು, ಸ್ವಲ್ಪ ಸೊಟ್ಟಗೆ. ಬ್ರೇಕು ಒತ್ತಲು ಆ ಕೈ ಬಗ್ಗುವುದಿಲ್ಲವಾದ್ದರಿಂದ ಗಾಡಿ ಬೇರೆಯವನ ಪಾಲಾಗಿ, ಅವನು ಅಂಗಡಿಯಲ್ಲೇ ಕೂರುತ್ತಾನೆ. ಅವನು ಪೊಲೀಸರಿಗೆ ದೂರು ಕೊಡಲಿಲ್ಲ, ಮನ್ನಿಸಿದೆ ಎಂದೂ ಹೇಳಲಿಲ್ಲ. ಬೇಕರಿಯ ಎದುರಿಗೆ ಬಂದಾಗ ಮೇಷ್ಟ್ರು ನಿಲ್ಲುತ್ತಾರೆ. ಹೊತ್ತಾಯಿತು ಎಂದು ಮಗು ಜಗ್ಗಿದರೂ ಬಿಡದೆ, ಕತ್ತನ್ನು ಪೂರ್ತಿ ಎಡಕ್ಕೆ ತಿರುಗಿಸಿ, ಅಂಗಡಿಯೊಳಗೆ ಅವನು ಎಲ್ಲಿದ್ದಾನೆ ಎಂದು ಹುಡುಕಿ, ಸಿಕ್ಕ ಮೇಲೆ ತಲೆ ಬಾಗಿಸುತ್ತಾರೆ. ಕೆಲವು ದಿನ ಅವನು ಆ ಸೊಟ್ಟ ಕೈ ಎತ್ತುತ್ತಾನೆ. ಕೆಲವು ದಿನ ಕಂಡರೂ ಕಾಣದವನ ಹಾಗೆ ಬ್ರೆಡ್ಡು ಜೋಡಿಸುತ್ತಿರುತ್ತಾನೆ. ಟೇಲರಮ್ಮ ಮಾತ್ರ ಆ ಕಡೆ ನೋಡದೆ, ಗಂಡನ ತೋಳು ಹಿಡಿದು, ರಸ್ತೆ ದಾಟಲು ಕಾಯುತ್ತಾಳೆ.